ನಿರ್ಬಂಧಕ್ಕೊಂದು ಅಳತೆಗೋಲು

1992ರಲ್ಲಿ ಅಮೆರಿಕದ ಒಂದು ಮನೋವೈದ್ಯಕೀಯ ಪತ್ರಿಕೆಯಲ್ಲಿ ವಿಚಿತ್ರವಾದ ಒಂದು ಪಟ್ಟಿ ಅಚ್ಚಾಯಿತು. ಮಕ್ಕಳು ವಾಸಮಾಡುವ ತಾಣಗಳ ಪಟ್ಟಿ ಅದು. ಒಂದೊಂದು ತಾಣದ ಮುಂದೆಯೂ ಒಂದೊಂದು ಅಂಕಿ. ತುತ್ತತುದಿಯಲ್ಲಿ ಸೆರೆಮನೆ, ಅದಕ್ಕೆ ಹತ್ತು. ಕಟ್ಟಕಡೆಯಲ್ಲಿ, ಬೆಳೆದ ಹುಡುಗನೊಬ್ಬ ತನ್ನ ಪಾಡಿಗೆ ತಾನು ಕೋಣೆ ಹಿಡಿದು ಒಂಟಿಯಾಗಿ ಬಾಳುವುದು. ಇವೆರಡರ ನಡುವೆ ಮಾನಸಿಕ ಆಸ್ಪತ್ರೆ, ಬಾಲಾಪರಾಧಿಗಳ ಗೃಹ, ಹಲವು ಮಕ್ಕಳನ್ನು ಒಟ್ಟಿಗೆ ಇರಿಸುವ ಗುಂಪುಮನೆ, ಸಾಕುಮನೆ, ನೆಂಟರ ಮನೆ, ಹೆತ್ತವರ ಮನೆ. ಮಗುವಿನ ಸ್ವಾತಂತ್ರ್ಯಕ್ಕೆ ಆ ತಾಣ ಎಷ್ಟು ಬೇಲಿ ಹಾಕುತ್ತದೆಯೋ ಅಷ್ಟು ದೊಡ್ಡದು ಅಂಕಿ. ಹೆತ್ತವರ ಮನೆಗೂ ಸೊನ್ನೆ ದೊರೆತಿರಲಿಲ್ಲವೆಂಬುದನ್ನು ನೋಡಿ ನನಗೆ ನಗು ಬಂದಿತು. ದೀಪ ಹಚ್ಚುವುದರೊಳಗೆ ಮನೆ ಸೇರಬೇಕೆಂಬ ಅಪ್ಪನ ಅಪ್ಪಣೆ ನಮ್ಮಲ್ಲಿ ಯಾರಿಗೆ ನೆನಪಿಲ್ಲ?

ಪಟ್ಟಿಯನ್ನು ಸಿದ್ಧಪಡಿಸಿದವರು ರಾಬರ್ಟ್ ಹಾಕಿನ್ಸ್ ಎಂಬ ಮನಶ್ಶಾಸ್ತ್ರಜ್ಞರು ಮತ್ತು ಅವರ ಸಂಗಡಿಗರು. ಇಂಗ್ಲಿಷಿನ ಮೊದಲಕ್ಷರಗಳನ್ನು ಕೂಡಿಸಿ ಇದನ್ನು ‘ರೋಲ್ಸ್’ ಎಂದು ಕರೆಯುವುದು ವಾಡಿಕೆ. ಮಕ್ಕಳನ್ನು ನೋಡಿಕೊಳ್ಳುವ ವೃತ್ತಿಯಲ್ಲಿದ್ದವರನ್ನು ಕೇಳಿ ಅಂಕಿಗಳನ್ನು ನಿಗದಿ ಮಾಡಿದರು. ಇಂಥ ಅಳತೆ ಏಕೆ ಬೇಕಾಯಿತೆಂಬುದು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ತಂದೆತಾಯಿಗಳು ಸತ್ತಾಗ, ಬಡತನ ಬಂದಾಗ, ಕುಡಿತದಿಂದಲೋ ಹೊಡೆತದಿಂದಲೋ ಮನೆ ಮುರಿದಾಗ, ಮಗುವನ್ನು ಎಲ್ಲಿ ಇಡಬೇಕು? ಹತ್ತೊಂಬತ್ತನೆಯ ಶತಮಾನದ ಅಮೆರಿಕ ಕೊಟ್ಟ ಉತ್ತರ ದೊಡ್ಡ ದೊಡ್ಡ ಅನಾಥಾಲಯಗಳು. ನ್ಯೂಯಾರ್ಕಿನ ಪಾದ್ರಿ ಚಾರ್ಲ್ಸ್ ಲೋರಿಂಗ್ ಬ್ರೇಸ್‌ಗೆ ಅದು ಹಿಡಿಸಲಿಲ್ಲ. ಗೋಡೆಗಳ ನಡುವೆ ಸಾಲಾಗಿ ನಿಲ್ಲಿಸಿ ಬೆಳೆಸಿದ ಮಗು ಬದುಕಿಗೆ ಬಾರದು, ಅದಕ್ಕೆ ಬೇಕಾದದ್ದು ಸಂಸಾರ, ಎಂಬುದು ಆತನ ನಂಬಿಕೆ. 1854ರಲ್ಲಿ ಮಕ್ಕಳನ್ನು ರೈಲಿನಲ್ಲಿ ಕೂರಿಸಿ ಪಶ್ಚಿಮದ ಹಳ್ಳಿಗಳ ಕಡೆಗೆ ಕಳುಹಿಸತೊಡಗಿದ. ಊರಿನ ಸಭಾಭವನದಲ್ಲಿ ಮಕ್ಕಳನ್ನು ನಿಲ್ಲಿಸುವರು. ರೈತರು ಬಂದು ನೋಡಿ, ಕೆಲವರು ತೋಳು ಹಿಚುಕಿಯೂ ನೋಡಿ, ಬೇಕಾದವರನ್ನು ಕರೆದೊಯ್ಯುವರು. 1929ರವರೆಗೆ ನಡೆದ ಈ ‘ಅನಾಥರ ರೈಲು’ಗಳಲ್ಲಿ ಸುಮಾರು 2 ಲಕ್ಷ ಮಕ್ಕಳು ಹೋದರೆಂದು ಲೆಕ್ಕ. ಅವರಲ್ಲಿ ಅನೇಕರು ಅನಾಥರೇ ಆಗಿರಲಿಲ್ಲ. ಕೆಲವರಿಗೆ ನಿಜವಾದ ತಾಯಿಯ ಮಡಿಲು ಸಿಕ್ಕಿತು. ಕೆಲವರಿಗೆ ಸಿಕ್ಕಿದ್ದು ಸಂಬಳವಿಲ್ಲದ ಆಳಿನ ಕೆಲಸ. ಹೊರಗಿನಿಂದ ನೋಡುವವರಿಗೆ ಎರಡೂ ‘ಮನೆ’ಗಳೇ. ಈ ಮಾತನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ನೂರೈವತ್ತು ವರ್ಷಗಳ ಅನಂತರ ಅದೇ ತೊಡಕು ಅಂಕಿಯ ವೇಷದಲ್ಲಿ ಮತ್ತೆ ಬರುತ್ತದೆ.

1909ರಲ್ಲಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಶ್ವೇತಭವನದಲ್ಲಿ ಒಂದು ಸಮ್ಮೇಳನ ಕರೆದರು. ಬರಿಯ ಬಡತನದ ಕಾರಣಕ್ಕೆ ಮಗುವನ್ನು ಮನೆಯಿಂದ ಕೀಳಕೂಡದು, ಕೀಳಲೇಬೇಕಾದರೆ ಸಂಸ್ಥೆಗಿಂತ ಸಂಸಾರ ಮೇಲು, ಎಂದು ಅಲ್ಲಿ ತೀರ್ಮಾನವಾಯಿತು. ಒಳ್ಳೆಯ ತೀರ್ಮಾನವೇ. ಆದರೆ ಅಳತೆಯ ಮಾತು ಇನ್ನೂ ಬಂದಿರಲಿಲ್ಲ. ಅದು ಬಂದದ್ದು ಮಕ್ಕಳ ದಾರಿಯಿಂದಲ್ಲ, ಹುಚ್ಚಾಸ್ಪತ್ರೆಯ ದಾರಿಯಿಂದ.

ವಾಷಿಂಗ್‌ಟನ್ ನಗರದಲ್ಲಿ ಕ್ಯಾಥರೀನ್ ಲೇಕ್ ಎಂಬ ಅರವತ್ತು ವರ್ಷದ ಹೆಂಗಸು ದಾರಿ ತಪ್ಪಿ ಅಲೆಯುತ್ತಿದ್ದಳೆಂದು ಆಕೆಯನ್ನು ಸೇಂಟ್ ಎಲಿಜಬೆತ್ಸ್ ಆಸ್ಪತ್ರೆಯಲ್ಲಿ ಇಟ್ಟಿದ್ದರು. ಆಕೆ ಯಾರಿಗೂ ಕೇಡು ಮಾಡುವವಳಲ್ಲ, ಮರೆವು, ಅಷ್ಟೆ. 1966ರಲ್ಲಿ ನ್ಯಾಯಮೂರ್ತಿ ಡೇವಿಡ್ ಬೇಜಲಾನ್ ಬರೆದ ತೀರ್ಪು ಒಂದು ಸಾದಾ ಪ್ರಶ್ನೆಯನ್ನು ಕೇಳಿತು: ಬೀಗ ಹಾಕುವುದಕ್ಕಿಂತ ಹಗುರವಾದ ಉಪಾಯ ಇರಲಿಲ್ಲವೆ? ವಿಳಾಸ ಬರೆದ ಚೀಟಿಯೊಂದು ಆಕೆಯ ಬಳಿ ಇದ್ದರೆ, ಅಲೆದಾಗ ಪೊಲೀಸರು ಮನೆಗೆ ಮುಟ್ಟಿಸಲಾರರೆ? ನ್ಯಾಯಶಾಸ್ತ್ರದಲ್ಲಿ ಈ ಚೀಟಿಗೆ ದೊಡ್ಡ ಹೆಸರು ಬಂದಿತು. ಪಾಪ, ಆ ಮುದುಕಿಗೆ ಮಾತ್ರ ಬೇರೆ ನೆಲೆ ದೊರೆಯಲೇ ಇಲ್ಲ.

ಇನ್ನೊಂದು ಮೊಕದ್ದಮೆಯಲ್ಲಿ ಒಬ್ಬ ಹುಡುಗನೇ ಬಂದ. ಅಲಬಾಮಾ ರಾಜ್ಯದ ರಿಕಿ ವಯಟ್‌ಗೆ ಆಗ ಹದಿನೈದು ವರ್ಷ. ಹುಚ್ಚಿರಲಿಲ್ಲ, ತುಂಟತನ ಇದ್ದಿತು. ಇವನನ್ನು ಹದ್ದಿನಲ್ಲಿಡಲು ಬೇರೆ ಜಾಗ ಕಾಣದೆ ಬ್ರೈಸ್ ಆಸ್ಪತ್ರೆಯ ರೋಗಿಗಳ ನಡುವೆ ಬಿಟ್ಟಿದ್ದರು. ಆಸ್ಪತ್ರೆಯ ನೌಕರರಲ್ಲಿ ಅನೇಕರನ್ನು ಕೆಲಸದಿಂದ ತೆಗೆದಾಗ, 1970ರಲ್ಲಿ, ಅವನ ಹೆಸರಿನಲ್ಲಿ ದಾವೆ ಹೂಡಿದರು. 1972ರಲ್ಲಿ ನ್ಯಾಯಮೂರ್ತಿ ಫ್ರಾಂಕ್ ಜಾನ್ಸನ್, ರೋಗಿಗೆ ಚಿಕಿತ್ಸೆಗೆ ಅಗತ್ಯವಾದಷ್ಟೇ ನಿರ್ಬಂಧ ಇರಬೇಕು, ಅದಕ್ಕಿಂತ ಎಳ್ಳಷ್ಟೂ ಹೆಚ್ಚಲ್ಲ, ಎಂಬರ್ಥದ ನಿಯಮಗಳನ್ನು ಮಾಡಿದರು. ಆ ದಾವೆ ಮುಗಿದದ್ದು 2003ರಲ್ಲಿ. ಅಷ್ಟು ಹೊತ್ತಿಗೆ ಹುಡುಗ ನಡುವಯಸ್ಸು ದಾಟುತ್ತಿದ್ದ.

1980ರ ಕಾಯಿದೆಯೊಂದು ಈ ತತ್ತ್ವವನ್ನು ಸಾಕುಮಕ್ಕಳಿಗೂ ತಂದಿತು. ಸರ್ಕಾರದ ವಶಕ್ಕೆ ಬಂದ ಮಗುವನ್ನು ಅತ್ಯಂತ ಕಡಿಮೆ ನಿರ್ಬಂಧದ, ಸಂಸಾರಕ್ಕೆ ಅತ್ಯಂತ ಸಮೀಪವಾದ ತಾಣದಲ್ಲಿ ಇಡಬೇಕೆಂದು ಅದರ ವಿಧಿ. ನಮ್ಮ ದೇಶದ 2015ರ ಬಾಲನ್ಯಾಯ ಕಾಯಿದೆಯೂ ಸಂಸ್ಥೆಯ ವಾಸವನ್ನು ಕೊನೆಯ ಉಪಾಯವೆಂದೇ ಹೇಳುತ್ತದೆ. ‘ಅತ್ಯಂತ ಕಡಿಮೆ’ ಎಂದ ಮೇಲೆ ಕಡಿಮೆ ಯಾವುದು, ಹೆಚ್ಚು ಯಾವುದು, ಹೇಳಬೇಡವೆ? ಹಾಕಿನ್ಸರ ಪಟ್ಟಿ ಹುಟ್ಟಿದ್ದು ಈ ಕಾರಣದಿಂದ.

ಅದರ ಉಪಯೋಗ ಸುಲಭ. ಒಂದು ತಾಣಕ್ಕೆ ಎಂಟು ಅಂಕಿ, ಇನ್ನೊಂದಕ್ಕೆ ನಾಲ್ಕು ಎಂದಿಟ್ಟುಕೊಳ್ಳಿ. ಮಗು ಮೊದಲನೆಯದರಲ್ಲಿ ಹದಿನೈದು ದಿನ, ಎರಡನೆಯದರಲ್ಲಿ ಹದಿನೈದು ದಿನ ಇದ್ದರೆ ಆ ತಿಂಗಳ ಸರಾಸರಿ ಆರು. ಮುಂದಿನ ತಿಂಗಳು ಐದಾದರೆ ಮೇಲಾಯಿತೆಂದು ಅರ್ಥ. ಕಚೇರಿಗೆ ಇದಕ್ಕಿಂತ ಅನುಕೂಲವೇನು ಬೇಕು? ಮಗುವನ್ನು ನೋಡದೆಯೇ ಮಗುವಿನ ಏಳಿಗೆಯನ್ನು ವರದಿ ಮಾಡಬಹುದು! ಹೀಗೆಂದು ನಾನು ಪಟ್ಟಿಯನ್ನು ಹಳಿಯುತ್ತಿಲ್ಲ. ಗೋಡೆಗಳ ಹಿಂದೆ ವರ್ಷಗಟ್ಟಲೆ ಮರೆತುಹೋಗುತ್ತಿದ್ದ ಮಕ್ಕಳನ್ನು ಲೆಕ್ಕಕ್ಕೆ ತಂದದ್ದು ಸಣ್ಣ ಕೆಲಸವಲ್ಲ. 2018ರ ಇನ್ನೊಂದು ಕಾಯಿದೆಯಂತೂ, ಕೆಲವು ವಿನಾಯಿತಿಗಳ ಹೊರತು, ಗುಂಪುಮನೆಯಲ್ಲಿಟ್ಟ ಮಗುವಿಗೆ ಎರಡು ವಾರಗಳ ಮೇಲೆ ಕೇಂದ್ರದ ಹಣ ಇಲ್ಲವೆಂದುಬಿಟ್ಟಿತು.

ಆದರೆ ಪಟ್ಟಿ ಓದಿದ್ದು ಬಾಗಿಲ ಮೇಲಿನ ಹಲಗೆಯನ್ನು. ಬಾಗಿಲ ಒಳಗೆ ಅದು ಹೋಗಲಿಲ್ಲ. ‘ಸಾಕುಮನೆ’ ಎಂದು ಹಲಗೆ ಇದ್ದರೆ ಎಲ್ಲ ಸಾಕುಮನೆಗಳಿಗೂ ಒಂದೇ ಅಂಕಿ. ಒಂದರಲ್ಲಿ ಹುಡುಗಿ ಅಡಿಗೆಮನೆಗೆ ಹೋಗಿ ತನಗೆ ಬೇಕಾದದ್ದನ್ನು ತೆಗೆದು ತಿನ್ನಬಹುದು. ಇನ್ನೊಂದರಲ್ಲಿ ತಿಂಡಿಯ ಬೀರುವಿಗೆ ಬೀಗ ಇರಬಹುದು. ಆರು ವರ್ಷದ ಕೂಸನ್ನು ರಸ್ತೆ ದಾಟಲು ಬಿಡದಿರುವುದು ಅಕ್ಕರೆ. ಹದಿನೇಳರ ಹುಡುಗನನ್ನು ಹಾಗೆ ತಡೆದರೆ ಅದಕ್ಕೆ ಬೇರೆ ಹೆಸರು. ಪಟ್ಟಿಗೆ ವಯಸ್ಸಿನ ಗೊಡವೆ ಇರಲಿಲ್ಲ. ಗೆಳೆಯರೂ ಶಾಲೆಯೂ ಇದ್ದ ಗುಂಪುಮನೆಯಿಂದ ಕಿತ್ತು, ಗುರುತಿಲ್ಲದ ಊರಿನ ಸಾಕುಮನೆಗೆ ಕಳುಹಿಸಿದರೆ ಅಂಕಿ ಇಳಿಯುತ್ತದೆ. ಆ ರಾತ್ರಿ ಮಗು ಅತ್ತರೆ ಅದಕ್ಕೆ ಕಾಲಂ ಇಲ್ಲ. ರೈತ ತೋಳು ಹಿಚುಕಿ ನೋಡಿದ ಕಾಲದ ತೊಡಕು ಎಂದೆನಲ್ಲ, ಇದೇ ಅದು.

ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಮೇರಿ ರೌಕ್ಟಿಸ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಹೊಸ ಅಳತೆ ಹಲಗೆಯನ್ನು ಬಿಟ್ಟು ಒಳಗಿನ ದಿನಚರಿಯನ್ನು ವಿಚಾರಿಸಿತು. ಓಡಾಟಕ್ಕೆ ಎಷ್ಟು ತಡೆ? ಕೈಗೆ ಕಾಸು ಉಂಟೆ? ಟೆಲಿಫೋನು ಮುಟ್ಟಬಹುದೆ? ಬಾಗಿಲು ಹಾಕಿಕೊಂಡು ಒಂಟಿಯಾಗಿ ಇರಬಹುದೆ? ಹೆತ್ತವರನ್ನು, ಒಡಹುಟ್ಟಿದವರನ್ನು ಕಾಣಬಹುದೆ? ಇಂಥವು ಅದರ ಪ್ರಶ್ನೆಗಳು. ಕೆಲಸ ಹೆಚ್ಚು, ಅನುಕೂಲ ಕಡಿಮೆ. ಆದರೆ ನನಗೆ ಇದೇ ಸರಿಯೆಂದು ತೋರುತ್ತದೆ. ಎರಡು ವರ್ಷಗಳ ಅನಂತರ ರೌಕ್ಟಿಸ್ ಮೊದಲಾದವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಯಾರೂ ಕೇಳದಿದ್ದವರನ್ನು ಕೇಳಿದ ವರದಿಯನ್ನು ಪ್ರಕಟಿಸಿದರು: ಸಾಕುಮನೆ, ಗುಂಪುಮನೆಗಳಲ್ಲಿ ಬಾಳಿದ ಹುಡುಗ ಹುಡುಗಿಯರನ್ನು. ಕಟ್ಟಳೆಗಳೇ ಬೇಡವೆಂದು ಅವರು ಹೇಳಲಿಲ್ಲ. ತಮ್ಮ ಮೇಲೆ ಅಕ್ಕರೆಯಿದ್ದವರು ಹಾಕಿದ ಕಟ್ಟಳೆ ಅವರಿಗೆ ಹಗುರವಾಗಿ ಕಂಡಿತು. ಎಲ್ಲರಿಗೂ ಒಂದೇ ಎಂದು ಗೋಡೆಗೆ ಅಂಟಿಸಿದ್ದು ಭಾರವಾಯಿತು. ಬೇರೆ ಮಕ್ಕಳಂತೆ ತಾವೂ ಇರಬೇಕೆಂಬುದೇ ಅವರ ಹಂಬಲ.

ಆ ದೇಶದಲ್ಲಿ ಗೆಳತಿಯ ಮನೆಯಲ್ಲಿ ರಾತ್ರಿ ಉಳಿದುಕೊಳ್ಳುವುದು ಮಕ್ಕಳ ದೊಡ್ಡ ಸಂತೋಷಗಳಲ್ಲಿ ಒಂದು. ಸಾಕುಮಗುವಿಗೆ ಅದೂ ಸುಲಭವಾಗಿರಲಿಲ್ಲ. ಅನೇಕ ಕಡೆ ಆ ಗೆಳತಿಯ ಮನೆಯವರ ಪೂರ್ವಚರಿತ್ರೆಯನ್ನು ವಿಚಾರಣೆ ಮಾಡಿಸಿ ಅಪ್ಪಣೆ ಪಡೆಯಬೇಕಾಗಿದ್ದಿತು. ಹಾಗೆ ವಿಚಾರಣೆಗೆ ಒಪ್ಪಿ ಕರೆಯುವ ಗೆಳತಿ ಎಷ್ಟು ದಿನ ಗೆಳತಿಯಾಗಿ ಉಳಿದಾಳು? 2014ರ ಕಾಯಿದೆಯೊಂದು ಈ ಸಣ್ಣ ತೀರ್ಮಾನಗಳನ್ನು ಕಚೇರಿಯಿಂದ ತೆಗೆದು, ವಿವೇಕವುಳ್ಳ ತಂದೆತಾಯಿ ಹೇಗೆ ಮಾಡುತ್ತಿದ್ದರೋ ಹಾಗೆ ಮಾಡಿರೆಂದು ಸಾಕುವವರ ಕೈಗೇ ಕೊಟ್ಟಿತು. ಶಾಲೆಯ ಪ್ರವಾಸ, ಆಟದ ತಂಡ, ಗೆಳತಿಯ ಮನೆಯ ಒಂದು ರಾತ್ರಿ, ಇಂಥವೆಲ್ಲ ಅದರ ವ್ಯಾಪ್ತಿಯೊಳಗೆ ಬರುತ್ತವೆ.