ಕೆಡವಿದ ಮನೆಯ ತೊಲೆ ಯಾರದ್ದು?

ಹಳೆ ಮನೆ ಕೆಡವಲು ಗುತ್ತಿಗೆದಾರರನ್ನು ಕರೆದರೆ ಸಾಮಾನ್ಯವಾಗಿ ಸಿಗುವ ಮಾತು ಒಂದೇ: "ಇಷ್ಟು ಕೊಡಿ, ಕೆಡವಿ ಎಲ್ಲ ಸಾಗಿಸಿಬಿಡ್ತೀವಿ." ಆ 'ಎಲ್ಲ' ಅನ್ನುವುದರಲ್ಲಿ ಏನೇನಿದೆ ಎಂದು ನಾವು ಕೇಳುವುದು ಕಡಿಮೆ. ಮಣ್ಣು, ಇಟ್ಟಿಗೆ ಚೂರಿನ ಜೊತೆಗೆ ತೇಗದ ಕಂಬ, ಹಲಸಿನ ತೊಲೆ, ಹೆಬ್ಬಾಗಿಲು, ಜಗಲಿಯ ಚಪ್ಪಡಿಯೂ ಲಾರಿ ಹತ್ತುತ್ತವೆ. ಕೆಡವಿದ ಮನೆಯ ಸಾಮಾನು ಕಸವಲ್ಲ ಎಂಬುದಕ್ಕೆ ನಮ್ಮ ನಾಡಿನ ಚರಿತ್ರೆಯಲ್ಲೇ ದೊಡ್ಡ ಉದಾಹರಣೆಗಳಿವೆ.

ಮೈಸೂರಿನ ಕೋಟೆಯನ್ನೇ ನೋಡಿ. ಟಿಪ್ಪು ಸುಲ್ತಾನ್ ಹಳೆ ಕೋಟೆಯನ್ನು ಕೆಡವಿಸಿ, ಅದೇ ಕಲ್ಲುಗಳಿಂದ ಪೂರ್ವಕ್ಕಿದ್ದ ದಿಬ್ಬದ ಮೇಲೆ ನಜರಬಾದ್ ಕೋಟೆ ಕಟ್ಟಿಸಲು ಹೊರಟ. 1799ರಲ್ಲಿ ಶ್ರೀರಂಗಪಟ್ಟಣ ಬಿತ್ತು. ಒಡೆಯರ ಮನೆತನ ಮೈಸೂರಿಗೆ ಮರಳಿತು. ಆಗ ನಜರಬಾದಿನ ಕಲ್ಲುಗಳನ್ನೇ ಹಿಂದಕ್ಕೆ ತಂದು ಹಳೆ ಜಾಗದಲ್ಲಿ ಮತ್ತೆ ಕೋಟೆ ಕಟ್ಟಿದರು. ಅರಮನೆಯವರೂ ಹಳೆ ಕಲ್ಲನ್ನು ಬಿಡಲಿಲ್ಲ.

ಮರದ ಕಥೆಯೂ ಹೀಗೆಯೇ. ಊಟಿಯ ಸೇಂಟ್ ಸ್ಟೀಫನ್ ಚರ್ಚಿಗೆ ಅಡಿಗಲ್ಲು ಹಾಕಿದ್ದು 1829ರಲ್ಲಿ. ಅದರ ತೊಲೆಗಳಿಗೆ ಬಳಸಿದ್ದು ಶ್ರೀರಂಗಪಟ್ಟಣದಲ್ಲಿ ಕೆಡವಿದ ಟಿಪ್ಪುವಿನ ಅರಮನೆಯ ಮರ. ಅರಮನೆ ಹೋಯಿತು, ತೊಲೆ ಇವತ್ತಿಗೂ ಭಾರ ಹೊತ್ತು ನಿಂತಿದೆ.

ನಮ್ಮ ಹಳ್ಳಿಗಳಲ್ಲೂ ಇದೇ ಲೆಕ್ಕ ನಡೆಯುತ್ತಿತ್ತು. ಮನೆ ಬಿಚ್ಚುವುದು ಮುಯ್ಯಾಳಿನ ಕೆಲಸ. ಇವತ್ತು ನಿಮ್ಮ ಮನೆಗೆ ನಾವು, ನಾಳೆ ನಮ್ಮ ಮನೆಗೆ ನೀವು. ಮೊದಲು ಹೆಂಚು ಇಳಿಸುತ್ತಿದ್ದರು, ಆಮೇಲೆ ಜಂತೆ, ತೊಲೆ, ಕಂಬ, ಕೊನೆಗೆ ಗೋಡೆ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಹರಡಿದ ಮಂಗಳೂರು ಹೆಂಚನ್ನೂ ಹೀಗೇ ಒಂದೊಂದಾಗಿ ಇಳಿಸಿ ಇನ್ನೊಂದು ಮಾಡಿಗೆ ಹಾಕಬಹುದಿತ್ತು. ಗೋಡೆಯ ಹಳೆ ಮಣ್ಣು ಹೊಲಕ್ಕೆ ಗೊಬ್ಬರವಾಗುತ್ತಿತ್ತು.

ಜೆಸಿಬಿ ಕಂಪನಿ ಭಾರತದಲ್ಲಿ ಕೆಲಸ ಶುರು ಮಾಡಿದ್ದು 1979ರಲ್ಲಿ. ಈಗ ಆ ಹೆಸರೇ ಯಂತ್ರದ ಹೆಸರಾಗಿದೆ. ದಿನಗಟ್ಟಲೆ ಬಿಚ್ಚುವ ಮನೆಯನ್ನು ಅದು ಗಂಟೆಗಳಲ್ಲಿ ನೆಲಕ್ಕೆ ಉರುಳಿಸುತ್ತದೆ. ಬಾಡಿಗೆ ಗಂಟೆ ಲೆಕ್ಕದಲ್ಲಿ ಓಡುವಾಗ ಹೆಂಚು ಇಳಿಸುವಷ್ಟು ತಾಳ್ಮೆ ಯಾರಿಗೂ ಇರುವುದಿಲ್ಲ. ಹೆಂಚು ಪುಡಿಯಾಗುತ್ತದೆ, ಜಂತೆ ಮುರಿಯುತ್ತದೆ. ಮುರಿಯದೆ ಉಳಿದ ಒಳ್ಳೆ ಮರ ಹಳೆ ಮರದ ಅಂಗಡಿ ಸೇರುತ್ತದೆ. ಕೆಡವಿದ್ದಕ್ಕೆ ದುಡ್ಡು ಕೊಟ್ಟವರೂ ನಾವೇ, ಮರ ಬಿಟ್ಟುಕೊಟ್ಟವರೂ ನಾವೇ.

ಬೇಲಿ ಕೀಳಿಸುವಾಗ ನಷ್ಟ ಇನ್ನೂ ದೊಡ್ಡದಾಗಬಹುದು. ಹಳೆ ಮೈಸೂರು ಸೀಮೆಯಲ್ಲಿ ಕಂದಾಯ ಸರ್ವೆ ಆರಂಭವಾದದ್ದು 1863ರಲ್ಲಿ. ಹೊಲಗಳನ್ನು ಅಳೆದು ಮೂಲೆಗೆ ಬಾಂದುಕಲ್ಲು ನೆಟ್ಟರು. ಆ ಕಲ್ಲುಗಳ ಸುತ್ತ ಕತ್ತಾಳೆ, ಕಳ್ಳಿ ಬೆಳೆದು ಬೇಲಿಯಾಯಿತು. ಜೆಸಿಬಿ ಬಕೆಟ್ಟಿಗೆ ಕತ್ತಾಳೆ ಬುಡ ಯಾವುದು, ಬಾಂದುಕಲ್ಲು ಯಾವುದು ಗೊತ್ತಾಗುವುದಿಲ್ಲ. ಎರಡೂ ಒಟ್ಟಿಗೆ ಮೇಲೆ ಬರುತ್ತವೆ. ಅಲ್ಲಿಂದ ಅಣ್ಣತಮ್ಮಂದಿರ ಕೋರ್ಟು ಅಲೆದಾಟ ಶುರು. 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ ಪ್ರಕಾರ ಗಡಿ ಗುರುತು ಕಾಪಾಡುವ ಹೊಣೆ ಜಮೀನು ಹೊಂದಿದವರದ್ದು. "ಡ್ರೈವರ್ ಕಿತ್ತ" ಎಂದರೆ ನಮ್ಮ ಹೊಣೆ ತಪ್ಪುವುದಿಲ್ಲ.

ಹಾಗಂತ ಗುತ್ತಿಗೆದಾರರೆಲ್ಲ ಮೋಸಗಾರರಲ್ಲ. ಮಾತು ಬಿಡಿಸಿ ಆಡದಿದ್ದರೆ ಅವರಿಗೂ ಕಷ್ಟ. ಊರಿನವರನ್ನೇ ಕರೆಯಿರಿ, ನಾಳೆ ಮುಖ ನೋಡಬೇಕಾದವರು ಅವರು. ಮುಂಗಡ ಕೊಡುವ ಮುನ್ನ ಕಂಬ, ತೊಲೆ, ಬಾಗಿಲು, ಚಪ್ಪಡಿ ಎಣಿಸಿ, ಫೋನಿನಲ್ಲಿ ಫೋಟೊ ತೆಗೆದಿಡಿ. ಯಾವುದು ನಿಮಗೆ, ಯಾವುದು ಅವರಿಗೆ ಎಂದು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಮಾಡಿ. ಮರ ಅವರೇ ಒಯ್ಯುವುದಾದರೆ ಅದರ ಬೆಲೆಯನ್ನು ಕೂಲಿಯಲ್ಲಿ ಕಳೆಯಿರಿ. ಮಾಡು ಇಳಿಸುವವರೆಗೆ ಆಳು, ಗೋಡೆಗೆ ಮಾತ್ರ ಯಂತ್ರ ಎಂದು ಮೊದಲೇ ಹೇಳಿ. ಕರೆಂಟ್ ಲೈನ್ ತೆಗೆಸಿದ ಮೇಲೆಯೇ ಕೆಲಸ ಶುರುವಾಗಲಿ. ಸಿಮೆಂಟಿನ ಚೂರು ಕೆರೆಗೆ ಬೀಳದಿರಲಿ. ಬೇಲಿಯಾದರೆ ಪಕ್ಕದ ಹೊಲದವರನ್ನು ಕರೆದು, ಬಾಂದುಕಲ್ಲಿಗೆ ಸುಣ್ಣ ಬಳಿದು, ಆಮೇಲೆ ಜೆಸಿಬಿ ಇಳಿಸಿ.