ಮೊಳೆ ಹೊಡೆಯದ ಗೋಡೆ: ಬಾಡಿಗೆ ಮನೆಯ ಅಚ್ಚುಕಟ್ಟಿನ ಕಥೆ

‘ಗೋಡೆಗೆ ಮೊಳೆ ಮಾತ್ರ ಹೊಡೆಯಬೇಡಿ.’

ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಿದ ಯಾರಿಗೂ ಈ ಮಾತು ಹೊಸದಲ್ಲ. ಮುಂಗಡ ಎಷ್ಟು, ನೀರು ಯಾವಾಗ ಬರುತ್ತದೆ, ಮನೆಯಲ್ಲಿ ಎಷ್ಟು ಜನ ಎಂಬ ಮಾತುಕತೆಯೆಲ್ಲ ಮುಗಿದು ಬೀಗದ ಕೈ ಕೊಡುವ ಹೊತ್ತಿಗೆ ಮಾಲೀಕರು ಹೇಳುವ ಕೊನೆಯ ಮಾತು ಇದು. ಎರಡು ವರ್ಷದ ಹಿಂದೆ ಹತ್ತಡಿ ಅಗಲ, ಹನ್ನೆರಡಡಿ ಉದ್ದದ ಕೋಣೆಯೊಂದನ್ನು ಬಾಡಿಗೆಗೆ ಹಿಡಿದಾಗ ನನಗೂ ಅದೇ ಮಾತು ಕೇಳಿಬಂತು. ಹಾಗಾದರೆ ಅಂಗಿ ಎಲ್ಲಿ ನೇತುಹಾಕುವುದು? ಪುಸ್ತಕ ಎಲ್ಲಿ ಜೋಡಿಸುವುದು? ಅಕ್ಕಿ ಡಬ್ಬ ಎಲ್ಲಿಡುವುದು?

ಊರಿನಿಂದ ಬಂದ ಅಜ್ಜಿ ಕೋಣೆಯನ್ನೊಮ್ಮೆ ನೋಡಿ, ಮಂಚ ತರಬೇಡ ಎಂದರು. ಚಾಪೆಯಾದರೆ ಬೆಳಿಗ್ಗೆ ಸುತ್ತಿಡಬಹುದು, ಹಗಲೆಲ್ಲ ಕೋಣೆ ನಿನ್ನದು; ಮಂಚ ಹಾಕಿದೆಯೋ, ಕೋಣೆ ಮಂಚದ್ದು ಎಂಬುದು ಅವರ ಲೆಕ್ಕ. ಮದುವೆಯಾದ ಹೊಸತರಲ್ಲಿ ಚಾಮರಾಜಪೇಟೆಯ ವಠಾರವೊಂದರಲ್ಲಿ ಹನ್ನೊಂದು ವರ್ಷ ಸಂಸಾರ ಮಾಡಿದವರು ಅವರು.

ಆ ಲೆಕ್ಕ ಅವರೊಬ್ಬರದೇ ಅಲ್ಲ. ಕಡಿಮೆ ಸಂಬಳ, ಸಣ್ಣ ಮನೆ, ತಮ್ಮದಲ್ಲದ ಗೋಡೆ - ಈ ಮೂರರ ನಡುವೆ ಸಂಸಾರವನ್ನು ಅಚ್ಚುಕಟ್ಟಾಗಿ ಹೊಂದಿಸಿಕೊಂಡ ಒಂದು ದೊಡ್ಡ ಸಮುದಾಯದ ಅನುಭವ ಅದರ ಹಿಂದಿದೆ.

ವರ್ಷದ ಮನೆ, ತಿಂಗಳ ಮನೆ

ಹಳೆಯ ಮೈಸೂರು ಸೀಮೆಯ ಒಕ್ಕಲುತನದ ಮನೆಯನ್ನು ನೆನೆಸಿಕೊಳ್ಳಿ. ರಾಗಿ ತುಂಬುವ ಹಗೇವು, ಭತ್ತದ ಕಣಜ, ಕಾಳು ತುಂಬಿದ ಮಣ್ಣಿನ ವಾಡೆಗಳು, ಅಟ್ಟದ ಮೇಲೆ ಸೌದೆ, ಜಾಡಿಗಳಲ್ಲಿ ಉಪ್ಪಿನಕಾಯಿ. ಅಲ್ಲಿ ಮನೆಯೆಂದರೆ ಒಂದು ವರ್ಷದ ಊಟವನ್ನು ಕಾಪಾಡುವ ಉಗ್ರಾಣ. ಸುಗ್ಗಿಯಿಂದ ಸುಗ್ಗಿಯವರೆಗೆ ಲೆಕ್ಕ.

ನಗರಕ್ಕೆ ಬಂದ ಗುಮಾಸ್ತ ಅಥವಾ ಗಿರಣಿ ಕಾರ್ಮಿಕನ ಲೆಕ್ಕವೇ ಬೇರೆ. ಅವನಿಗೆ ಸುಗ್ಗಿ ಬರುವುದು ಪ್ರತಿ ತಿಂಗಳು ಸಂಬಳದ ದಿನ. ಅಂದು ಕೈಗೆ ಬಂದದ್ದರಲ್ಲಿ ಬಾಡಿಗೆ ಕೊಟ್ಟು, ಅಂಗಡಿಯ ಹಳೆಯ ಬಾಕಿ ತೀರಿಸಿ, ಹೊಸ ತಿಂಗಳ ಸಾಮಾನು ತರಬೇಕು. ಹೀಗಾಗಿ ಕಣಜದ ಜಾಗಕ್ಕೆ ಡಬ್ಬ ಬಂತು, ಹಗೇವಿನ ಜಾಗಕ್ಕೆ ಅಂಗಡಿಯ ಲೆಕ್ಕದ ಪುಸ್ತಕ ಬಂತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಆಹಾರ ಪದಾರ್ಥಗಳಿಗೆ ಪಡಿತರ ವ್ಯವಸ್ಥೆ ಬಂದ ಮೇಲಂತೂ ಕೂಡಿಡಬೇಕೆಂದರೂ ಕೂಡಿಡುವಂತಿರಲಿಲ್ಲ.

ಬಾಡಿಗೆ ಮನೆ ಚಿಕ್ಕದಾದದ್ದು ಬಡತನದಿಂದ ಮಾತ್ರವಲ್ಲ, ಈ ತಿಂಗಳ ಲೆಕ್ಕದಿಂದಲೂ ಹೌದು.

ಪ್ಲೇಗಿನ ನಂತರದ ಊರು

ಕೋಟೆ ಮತ್ತು ಪೇಟೆಗಳ ಸುತ್ತ ಇಕ್ಕಟ್ಟಾಗಿ ಬೆಳೆದಿದ್ದ ಬೆಂಗಳೂರಿಗೆ 1892ರಲ್ಲಿ ಚಾಮರಾಜಪೇಟೆ ಎಂಬ ಹೊಸ ಬಡಾವಣೆ ಸೇರಿತು. 1896ರಲ್ಲಿ ಹೆಸರಘಟ್ಟದ ಕೆರೆಯಿಂದ ಕೊಳವೆಯಲ್ಲಿ ನೀರು ಬಂತು. 1898ರಲ್ಲಿ ಪ್ಲೇಗು ಬಂತು. ಗಾಳಿ ಬೆಳಕಿಲ್ಲದ ಒತ್ತು ಮನೆಗಳಿಂದ ಜನ ಹೊರಬೀಳಬೇಕಾಯಿತು. ಬಸವನಗುಡಿ ಮತ್ತು ಮಲ್ಲೇಶ್ವರ ಬಡಾವಣೆಗಳು ರೂಪುಗೊಂಡದ್ದು ಈ ಹಿನ್ನೆಲೆಯಲ್ಲಿ. ಅಗಲ ರಸ್ತೆ, ಮನೆಯ ಸುತ್ತ ಬಯಲು, ಹಿಂದೆ ಓಣಿ - ಇವೆಲ್ಲ ರೋಗದ ಭಯ ಕಲಿಸಿದ ಪಾಠಗಳು.

ಆದರೆ ಈ ನಿವೇಶನಗಳನ್ನು ಕೊಂಡು ಮನೆ ಕಟ್ಟುವ ಶಕ್ತಿ ಎಲ್ಲರಿಗೂ ಇರಲಿಲ್ಲ. 1884ರಷ್ಟು ಹಿಂದೆಯೇ ಶುರುವಾಗಿದ್ದ ಬಿನ್ನಿ ಗಿರಣಿ ಇತ್ತು, ಸರ್ಕಾರಿ ಕಚೇರಿಗಳಿದ್ದವು, ಶಾಲೆ ಕಾಲೇಜುಗಳಿದ್ದವು. ಮುಂದೆ 1940ರಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್, 1948ರಲ್ಲಿ ಐ.ಟಿ.ಐ., 1953ರಲ್ಲಿ ಎಚ್.ಎಂ.ಟಿ., 1954ರಲ್ಲಿ ಬಿ.ಇ.ಎಲ್. ಬಂದವು. 1941ರಲ್ಲಿ ಸುಮಾರು 4 ಲಕ್ಷವಿದ್ದ ಜನಸಂಖ್ಯೆ 1951ರ ಹೊತ್ತಿಗೆ ಏಳೂವರೆ ಲಕ್ಷ ದಾಟಿತ್ತು. ಕಾರ್ಖಾನೆಗಳ ವಸತಿಗೃಹ ಸಿಕ್ಕವರು ಅದೃಷ್ಟವಂತರು. ಉಳಿದವರಿಗೆ ಬಾಡಿಗೆ ಮನೆಯೇ ಗತಿ.

ಆ ಬೇಡಿಕೆಗೆ ಊರು ಕೊಟ್ಟ ಉತ್ತರವೇ ವಠಾರ. ರಸ್ತೆಯ ಕಡೆಗೆ ಮಾಲೀಕರ ಮನೆ. ಪಕ್ಕದ ಓಣಿಯಲ್ಲಿ ಒಳಹೊಕ್ಕರೆ ಅಂಗಳ, ಅದರ ಸುತ್ತ ಅಥವಾ ಸಾಲಾಗಿ ಆರೋ ಎಂಟೋ ಪುಟ್ಟ ಮನೆಗಳು. ಒಂದು ನಡುಮನೆ, ಒಂದು ಅಡುಗೆಮನೆ, ಮೂಲೆಯಲ್ಲೊಂದು ಬಚ್ಚಲು. ಬಾವಿ ಅಥವಾ ನಲ್ಲಿ, ಬಟ್ಟೆ ಒಗೆಯುವ ಕಲ್ಲು, ಪಾಯಖಾನೆ ಎಲ್ಲರಿಗೂ ಸೇರಿದ್ದು. ನಿವೃತ್ತರಿಗೆ, ವಿಧವೆಯರಿಗೆ ಈ ಬಾಡಿಗೆಯೇ ಪಿಂಚಣಿಯಂತಿತ್ತು.

ಒಂದು ಕೋಣೆ, ನಾಲ್ಕು ಹೊತ್ತು

ಇಷ್ಟು ಸಣ್ಣ ಜಾಗದಲ್ಲಿ ಆರೇಳು ಜನರ ಸಂಸಾರ ಹೇಗೆ ನಡೆಯುತ್ತಿತ್ತು? ಉತ್ತರ ಸರಳ. ಜಾಗವನ್ನು ಅಡಿಯಲ್ಲಿ ಅಳೆಯದೆ ಹೊತ್ತಿನಲ್ಲಿ ಅಳೆಯುತ್ತಿದ್ದರು.

ಬೆಳಿಗ್ಗೆ ಹಾಸಿಗೆ ಸುರುಳಿ ಮೂಲೆ ಸೇರುತ್ತಿದ್ದಂತೆ ಮಲಗುವ ಕೋಣೆ ಮಾಯ. ಮಣೆ ಹಾಕಿದರೆ ಅದೇ ಊಟದ ಮನೆ. ಜಮಖಾನ ಹಾಸಿದರೆ ಬಂದವರನ್ನು ಕೂರಿಸುವ ಹಜಾರ. ಸಂಜೆ ದೀಪದ ಕೆಳಗೆ ಮಕ್ಕಳು ಕುಳಿತರೆ ಓದುವ ಕೋಣೆ. ಒಂದು ಹೊತ್ತಿನ ಸಾಮಾನು ಇನ್ನೊಂದು ಹೊತ್ತಿನಲ್ಲಿ ನೆಲದ ಮೇಲೆ ಇರಕೂಡದು ಎಂಬುದೊಂದೇ ಕಟ್ಟುಪಾಡು. ಮಡಚಲು, ಸುತ್ತಲು, ನೇತುಹಾಕಲು ಬಾರದ ವಸ್ತುವಿಗೆ ಅಲ್ಲಿ ಪ್ರವೇಶವಿರಲಿಲ್ಲ.

ನೆಲದಲ್ಲಿ ಜಾಗವಿಲ್ಲದಿದ್ದರೆ ಮೇಲೆ ಇತ್ತಲ್ಲ! ಮಂಗಳೂರಿನಲ್ಲಿ ಬಾಸೆಲ್ ಮಿಷನ್ 1865ರಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ ಮೇಲೆ ಇಳಿಜಾರು ಹೆಂಚಿನ ಮಾಡು ನಾಡಿನೆಲ್ಲೆಡೆ ಹರಡಿತು. ಆ ಇಳಿಜಾರಿನ ಕೆಳಗೆ ಸಿಕ್ಕಿದ್ದು ಅಟ್ಟ. ವರ್ಷಕ್ಕೊಮ್ಮೆ ಬೇಕಾಗುವ ಗೊಂಬೆಗಳ ಪೆಟ್ಟಿಗೆ, ತೊಟ್ಟಿಲು, ದೊಡ್ಡ ಪಾತ್ರೆಗಳು ಅಲ್ಲಿಗೆ. ಗೋಡೆಯುದ್ದಕ್ಕೂ ಹೋದ ನಾಗಂದಿಗೆಯ ಮೇಲೆ ಡಬ್ಬಗಳ ಸಾಲು. ಗೋಡೆಯೊಳಗಿನ ಗೂಡಿನಲ್ಲಿ ದೀಪ, ದೇವರು. ಮಾಡಿನ ತೊಲೆಯಿಂದ ಇಳಿಬಿಟ್ಟ ನೆಲುವಿನಲ್ಲಿ ಬೆಕ್ಕಿಗೆ ಎಟುಕದ ಹಾಲು ಮೊಸರು. ಇನ್ನೂ ಮೇಲೆ, ಅಡ್ಡಕ್ಕೆ ಕಟ್ಟಿದ ಗಳುವಿನ ಮೇಲೆ ಕೋಲಿನಿಂದ ಹರವಿದ ಮಡಿ ಬಟ್ಟೆ. ಹೆಂಚಿನ ನಡುವೆ ಕೂರಿಸಿದ ಒಂದು ಗಾಜಿನ ಹೆಂಚು ಹಗಲಿಡೀ ಪುಕ್ಕಟೆ ದೀಪ.

ಇವೆಲ್ಲ ಮನೆಯ ಜೊತೆಗೇ ಬಂದವು. ಬಾಡಿಗೆದಾರ ಹೊಡೆಯಬೇಕಾದ ಮೊಳೆ ಕಡಿಮೆ. ಅವನ ಸ್ವಂತ ಆಸ್ತಿಯೆಂದರೆ ಒಂದೆರಡು ಟ್ರಂಕು, ಹಾಸಿಗೆ, ಪಾತ್ರೆ, ಹಂಡೆ. ಮನೆ ಬದಲಾಯಿಸುವ ದಿನ ಇಡೀ ಸಂಸಾರ ಒಂದು ಕೈಗಾಡಿಯಲ್ಲಿ ಹಿಡಿಸಬೇಕು. ಟ್ರಂಕಿನ ಮೇಲೆ ಹಳೆಯ ಸೀರೆ ಹೊದಿಸಿದರೆ ಅದೇ ಕುರ್ಚಿ, ಅದೇ ಮೇಜು.

ಡಬ್ಬಗಳ ಚರಿತ್ರೆ

ಆ ನಾಗಂದಿಗೆಯ ಮೇಲಿನ ಡಬ್ಬಗಳದ್ದೇ ಒಂದು ಕಥೆ. ಅವುಗಳಲ್ಲಿ ಹೆಚ್ಚಿನವನ್ನು ಯಾರೂ ಡಬ್ಬವೆಂದು ಕೊಂಡದ್ದಲ್ಲ. ಸೀಮೆಎಣ್ಣೆಯ ಚೌಕ ಟಿನ್ನು ತೊಳೆದು ಮುಚ್ಚಳ ಮಾಡಿಸಿದರೆ ಅಕ್ಕಿಯ ಡಬ್ಬ. 1937ರಲ್ಲಿ ಮಾರುಕಟ್ಟೆಗೆ ಬಂದ ಡಾಲ್ಡಾದ ಟಿನ್ನು ಬೇಳೆಗೂ ಆಯಿತು, ತುಳಸಿ ಗಿಡಕ್ಕೂ ಆಯಿತು, ಪಾಯಖಾನೆಯ ಚೊಂಬೂ ಆಯಿತು. ಹಾರ್ಲಿಕ್ಸ್ ಬಾಟಲಿಯಲ್ಲಿ ಉಪ್ಪಿನಕಾಯಿ. ಹಳೆಯ ಸೀರೆ ಕೌದಿಯಾಯಿತು, ಕೌದಿ ಹರಿದರೆ ನೆಲ ಒರೆಸುವ ಬಟ್ಟೆಯಾಯಿತು. ಇಂದು ‘ಮರುಬಳಕೆ’ ಎಂದು ಪಾಠ ಹೇಳುವುದನ್ನು ಅಂದು ಯಾರೂ ಹೆಸರಿಟ್ಟು ಕರೆಯಲಿಲ್ಲ.

ಒಂಟಿ ಕೋಣೆಯವರಿಗೆ ಒಲೆಯದೇ ಚಿಂತೆ. ಸೌದೆಯ ಹೊಗೆ, ಮಸಿ ಮಾಲೀಕರಿಗೆ ಆಗದು. 1910ರಲ್ಲಿ ಕಲ್ಕತ್ತೆಯ ಇಂದುಮಾಧವ ಮಲ್ಲಿಕ್ ಎಂಬುವರು ‘ಇಕ್ಮಿಕ್ ಕುಕ್ಕರ್’ ರೂಪಿಸಿದರು. ಒಂದರ ಮೇಲೊಂದು ಕೂರುವ ಪಾತ್ರೆಗಳು, ಕೆಳಗೆ ಒಂದಿಷ್ಟು ಇದ್ದಿಲು. ಅನ್ನ, ಬೇಳೆ, ಪಲ್ಯ ಒಟ್ಟಿಗೇ ಹಬೆಯಲ್ಲಿ ಬೇಯುತ್ತಿದ್ದವು. ಬೆಂಗಳೂರಿನಲ್ಲಿ ಮರದ ಹೊಟ್ಟು ತುಂಬಿ ಉರಿಸುವ ಹೊಟ್ಟಿನ ಒಲೆ, ಆಮೇಲೆ ಪಂಪ್ ಸ್ಟವ್, ಬತ್ತಿ ಸ್ಟವ್ ಬಂದವು. ಒಲೆ ಎತ್ತಿಡುವಂತಾದಾಗ ಅಡುಗೆಮನೆಯೂ ಎತ್ತಿಡುವಂತಾಯಿತು. ಒಂಟಿ ಕೋಣೆಯ ಮೂಲೆಯೇ ಅಡುಗೆಮನೆ.

ಫ್ರಾಂಕ್‌ಫರ್ಟ್ ಕಂಡ ದಾರಿ

ಇದೇ ಪ್ರಶ್ನೆಯನ್ನು ಬೇರೆ ದೇಶದವರು ಹೇಗೆ ಬಿಡಿಸಿಕೊಂಡರು ಎಂಬುದನ್ನು ಇಲ್ಲಿ ಹೋಲಿಸಿ ನೋಡಬಹುದು. ಮೊದಲ ಮಹಾಯುದ್ಧದ ನಂತರ ಜರ್ಮನಿಯಲ್ಲೂ ಮನೆಗಳ ಕೊರತೆ. ಫ್ರಾಂಕ್‌ಫರ್ಟ್ ನಗರಾಡಳಿತ ಕಡಿಮೆ ಆದಾಯದವರಿಗಾಗಿ ಬಾಡಿಗೆ ಮನೆಗಳನ್ನು ಕಟ್ಟಿಸಿತು. ಅವುಗಳ ಅಡುಗೆಮನೆಯನ್ನು 1926ರಲ್ಲಿ ರೂಪಿಸಿದವರು ಮಾರ್ಗರೆಟೆ ಶುಟ್ಟೆ-ಲಿಹೊಟ್ಸ್ಕಿ ಎಂಬ ಮಹಿಳಾ ವಾಸ್ತುಶಿಲ್ಪಿ. ರೈಲಿನ ಊಟದ ಡಬ್ಬಿಯ ಅಡುಗೆಮನೆಯನ್ನು ನೋಡಿ, ಎಲ್ಲಿ ಎಷ್ಟು ಹೆಜ್ಜೆ ಉಳಿಸಬಹುದೆಂದು ಲೆಕ್ಕ ಹಾಕಿ, 1.9 ಮೀಟರ್ ಅಗಲ, 3.4 ಮೀಟರ್ ಉದ್ದದಲ್ಲಿ ಎಲ್ಲವನ್ನೂ ಹೊಂದಿಸಿದರು. ಸಕ್ಕರೆಗೆ, ಅಕ್ಕಿಗೆ ಹೆಸರು ಬರೆದ ಸೆಳೆಡಬ್ಬಗಳು. ಹುಳು ಹಿಡಿಯದಂತೆ ಹಿಟ್ಟಿಗೆ ಓಕ್ ಮರದ್ದೇ ಡಬ್ಬ. ಅಂಥ ಸುಮಾರು 10,000 ಅಡುಗೆಮನೆಗಳು ತಯಾರಾದವು.

ಅಲ್ಲಿನ ಮುಖ್ಯ ಸಂಗತಿ ಅಳತೆಯಲ್ಲ. ಕಪಾಟು ಗೋಡೆಯ ಜೊತೆಗೇ ಬರುತ್ತಿತ್ತು, ಅದರ ಖರ್ಚು ಬಾಡಿಗೆಯಲ್ಲೇ ಸೇರಿತ್ತು. ಅಂದರೆ ಮನೆ ಹೊಂದಿಸುವ ಹೊಣೆ ಬಾಡಿಗೆದಾರನದಲ್ಲ, ಮನೆ ಕಟ್ಟಿದವರದು. ನಮ್ಮ ಹಳೆಯ ವಠಾರದ ನಾಗಂದಿಗೆ, ಗೂಡು, ಅಟ್ಟಗಳೂ, ಯಾವ ಯೋಜನೆಯಿಲ್ಲದೆಯೇ, ಇದನ್ನೇ ಮಾಡಿದ್ದವು.

ಬೀರು ಬಂತು, ಜಾಗ ಹೋಯಿತು

ಹಾಗಾದರೆ ಆ ವ್ಯವಸ್ಥೆ ಸಡಿಲವಾದದ್ದು ಯಾವಾಗ? ಹೊಸ ಕಟ್ಟಡಗಳಲ್ಲಿ ಹೆಂಚಿನ ಬದಲು ತಾರಸಿ ಬಂತು, ಅಟ್ಟ ಹೋಯಿತು. ಅದರ ಬದಲಿಗೆ ಅಲ್ಲಲ್ಲಿ ಒಂದು ಸಜ್ಜಾ, ನಾಲ್ಕು ಕಡಪ ಕಲ್ಲಿನ ಹಲಗೆ ಸಿಕ್ಕವು. 1965ರಲ್ಲಿ ಇಂಡಿಯನ್ ಆಯಿಲ್‌ನ ‘ಇಂಡೇನ್’ ಹೆಸರಿನ ಅಡುಗೆ ಅನಿಲ ಬಂದು ನಿಧಾನವಾಗಿ ಮನೆಮನೆಗೆ ಹರಡಿತು. ಗ್ಯಾಸ್ ಒಲೆ ಸಿಲಿಂಡರಿಗಿಂತ ಎತ್ತರದಲ್ಲಿರಬೇಕು. ಹೀಗಾಗಿ ಕೂತು ಮಾಡುತ್ತಿದ್ದ ಅಡುಗೆ ಎದ್ದು ನಿಂತಿತು, ಕಟ್ಟೆ ಬೇಕಾಯಿತು. ಹೊಗೆಯಿಂದ ಕಣ್ಣು ಉಳಿಯಿತು ಎಂಬ ಲಾಭ ಸಣ್ಣದಲ್ಲ.

ಗೋದ್ರೆಜ್ ಕಂಪೆನಿಯ ಉಕ್ಕಿನ ಬೀರು 1923ರಷ್ಟು ಹಿಂದೆಯೇ ಬಂದಿದ್ದರೂ ಮಧ್ಯಮ ವರ್ಗದ ಕನಸಾದದ್ದು ಆಮೇಲೆ. ಬೀರು, ಮಂಚ, 1980ರ ದಶಕದಲ್ಲಿ ಟಿ.ವಿ., ಬಳಿಕ ಫ್ರಿಜ್ಜು. ಒಂದೊಂದೂ ಬೇಕಾದದ್ದೇ. ಆದರೆ ಯಾವುದೂ ಸುತ್ತಿಡುವಂಥದ್ದಲ್ಲ. ನಾಲ್ಕು ಹೊತ್ತಿಗೆ ನಾಲ್ಕು ವೇಷ ಹಾಕುತ್ತಿದ್ದ ಕೋಣೆ ಒಂದೇ ವೇಷದಲ್ಲಿ ನಿಂತುಬಿಟ್ಟಿತು. ಮನೆ ಅಷ್ಟೇ ಇದ್ದರೂ ಸಾಲದಾಯಿತು.

ಕಾನೂನಿನ ಪಾತ್ರವೂ ಇದೆ. 1961ರ ಬಾಡಿಗೆ ನಿಯಂತ್ರಣ ಕಾಯ್ದೆ ಬಾಡಿಗೆದಾರರನ್ನು ಮನಸೋ ಇಚ್ಛೆ ಎಬ್ಬಿಸದಂತೆ ಕಾಪಾಡಿತು. ಆದರೆ ಹಳೆಯ ಬಾಡಿಗೆಯಲ್ಲೇ ವರ್ಷಗಟ್ಟಲೆ ಉಳಿದವರ ಮನೆಗೆ ಸುಣ್ಣ ಬಳಿಸಲೂ ಮಾಲೀಕರು ಮುಂದಾಗಲಿಲ್ಲ. ಅದರ ಜಾಗಕ್ಕೆ 1999ರ ಕಾಯ್ದೆ ಬಂದು 2001ರ ಕೊನೆಗೆ ಜಾರಿಯಾಗುವ ಹೊತ್ತಿಗೆ ನಿವೇಶನದ ಬೆಲೆ ಗಗನಕ್ಕೇರಿತ್ತು. ವಠಾರಗಳು ಒಂದೊಂದಾಗಿ ನೆಲಕ್ಕುರುಳಿ ಬಹುಮಹಡಿ ಕಟ್ಟಡಗಳೆದ್ದವು. 1990ರಲ್ಲಿ ತೆರೆಕಂಡ ಫಣಿ ರಾಮಚಂದ್ರ ಅವರ ‘ಗಣೇಶನ ಮದುವೆ’ಯ ವಠಾರವನ್ನು ಜನ ಇಂದಿಗೂ ಮೆಚ್ಚಿ ನೋಡುವುದರ ಹಿಂದೆ ಕಳೆದುಹೋದ ಆ ಅಂಗಳದ ನೆನಪೂ ಇರಬಹುದು.

ಇನ್ನು ಹನ್ನೊಂದು ತಿಂಗಳ ಕರಾರು. ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು 1908ರ ನೋಂದಣಿ ಕಾಯ್ದೆಯ ಪ್ರಕಾರ ನೋಂದಾಯಿಸಬೇಕು. ಅದನ್ನು ತಪ್ಪಿಸಲು ಬಂದ ಈ ರೂಢಿ ಬಾಡಿಗೆದಾರನ ಮನಸ್ಸನ್ನೂ ಹನ್ನೊಂದು ತಿಂಗಳಿಗೇ ಕಟ್ಟಿಹಾಕಿದೆ. ಮುಂದಿನ ವರ್ಷ ಇರುತ್ತೇವೋ ಇಲ್ಲವೋ ತಿಳಿಯದ ಮನೆಗೆ ಯಾರು ತಾನೇ ಕಪಾಟು ಮಾಡಿಸುತ್ತಾರೆ?

ಯಾರ ದುಡಿಮೆ?

ವಠಾರವನ್ನು ಹೊಗಳುವಾಗ ಎರಡು ಮಾತು ಮರೆಯಬಾರದು. ಮೊದಲನೆಯದು, ಆ ಅಂಗಳದ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ಬಾವಿ ಒಂದೇ ಆದ್ದರಿಂದ ‘ನೀವು ಯಾವ ಜನ?’ ಎಂಬ ಪ್ರಶ್ನೆಗೆ ಉತ್ತರ ಸಿಕ್ಕ ಮೇಲೆಯೇ ಬಾಡಿಗೆಯ ಮಾತು. ಆ ಪ್ರಶ್ನೆ ಇಂದು ‘ಸಸ್ಯಾಹಾರಿಗಳಿಗೆ ಮಾತ್ರ’ ಎಂಬ ಬೋರ್ಡಿನ ಹಿಂದೆ ಅಡಗಿದೆ, ಅಷ್ಟೆ.

ಎರಡನೆಯದು, ದಿನಕ್ಕೆ ನಾಲ್ಕು ಸಲ ಕೋಣೆಯ ವೇಷ ಬದಲಾಯಿಸುತ್ತಿದ್ದ ಕೈ ಯಾರದು? ಹಾಸಿಗೆ ಸುತ್ತಿ, ಮಣೆ ಹಾಕಿ ತೆಗೆದು, ನಲ್ಲಿಯಲ್ಲಿ ಸರದಿ ನಿಂತು, ಟಿನ್ನು ತೊಳೆದು ಒಣಗಿಸಿದವರು ಹೆಂಗಸರು. ಸಣ್ಣ ಮನೆ ದೊಡ್ಡದಾಗಿ ಕಂಡದ್ದು ಅವರ ದುಡಿಮೆಯಿಂದ. ಮಂಚ ಬೇಡವೆಂದ ಅಜ್ಜಿಯನ್ನು ಆ ವಠಾರದ ದಿನಗಳ ಬಗ್ಗೆ ಕೇಳಿದರೆ ಅಂಗಳದ ಹರಟೆಗಿಂತ ಮೊದಲು ನೆನಪಾಗುವುದು ಬೆಳಗಿನ ಜಾವದ ನೀರಿನ ಸರದಿ.

ಗಂಡ ಹೆಂಡತಿ ಇಬ್ಬರೂ ದುಡಿಯುವ ಇಂದಿನ ಸಂಸಾರಕ್ಕೆ ಆ ಪುರುಸೊತ್ತಿಲ್ಲ, ಇರಬೇಕಾಗಿಯೂ ಇಲ್ಲ. ಆದ್ದರಿಂದ ಹಳೆಯ ಅಚ್ಚುಕಟ್ಟು ಮತ್ತೆ ಬರಬೇಕೆಂದರೆ ಅದು ಗೋಡೆಯಿಂದಲೇ ಬರಬೇಕು. ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವ ರೂಢಿ ಬೆಂಗಳೂರಿನಲ್ಲಿ ಬೇರೂರಿದೆ. ಕೇಂದ್ರ ಸರ್ಕಾರ 2021ರಲ್ಲಿ ಪ್ರಕಟಿಸಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಮುಂಗಡ ಬೇಡ ಎನ್ನುತ್ತದೆಯಾದರೂ ಅದನ್ನು ಒಪ್ಪುವುದು ಬಿಡುವುದು ರಾಜ್ಯಗಳಿಗೆ ಬಿಟ್ಟದ್ದು. ಇಷ್ಟೊಂದು ಮುಂಗಡ ಪಡೆಯುವ ಮನೆಯಲ್ಲಿ ಒಂದು ನಾಗಂದಿಗೆ, ನಾಲ್ಕು ಗಟ್ಟಿ ಗೂಟ, ಒಂದು ಅಟ್ಟ ಕೇಳುವುದು ದುರಾಸೆಯೇನಲ್ಲ.

ನನ್ನ ಕೋಣೆಗೆ ಮಂಚ ಬರಲಿಲ್ಲ. ಅಜ್ಜಿ ಊರಿಂದ ಕಳಿಸಿದ ಟ್ರಂಕು ಬಂತು. ಅದರೊಳಗೆ ಪುಸ್ತಕ, ಅದರ ಮೇಲೆ ಗ್ಯಾಸ್ ಒಲೆ. ಕಿಟಕಿಯ ಸರಳಿಗೆ ಕಟ್ಟಿದ ಹಗ್ಗದ ಮೇಲೆ ಅಂಗಿಗಳು. ಗೋಡೆಗೆ ಇವತ್ತಿನವರೆಗೂ ಒಂದು ಮೊಳೆ ಬಿದ್ದಿಲ್ಲ. ಕರಾರು ಮುಗಿಯಲು ಇನ್ನು ಮೂರು ತಿಂಗಳಿದೆ.