ಹಿಡಿ ಅನ್ನದೊಳಗಿನ ಚರಿತ್ರೆ

ಚೀನಾದ ಶಾಂಘೈಯಲ್ಲಿ ಬೆಳಗಿನ ನಾಲ್ಕು ತಿನಿಸುಗಳಿಗೆ ‘ನಾಲ್ವರು ದ್ವಾರಪಾಲಕರು’ ಎಂಬ ಅಡ್ಡಹೆಸರಿದೆ. ಬೌದ್ಧ ಮಂದಿರಗಳ ಬಾಗಿಲು ಕಾಯುವ ಮೂರ್ತಿಗಳಿಂದ ಬಂದ ಹೆಸರದು. ಸುಟ್ಟ ರೊಟ್ಟಿ, ಸೋಯಾ ಹಾಲು, ಎಣ್ಣೆಯಲ್ಲಿ ಕರಿದ ಹಿಟ್ಟಿನ ಉದ್ದ ಕಡ್ಡಿ ಯೂತ್ಯಾವ್ ಮತ್ತು ಅಂಟಕ್ಕಿಯ ಅನ್ನದುಂಡೆ ತ್ಸಿಫಾನ್, ಇವೇ ಆ ನಾಲ್ಕು.

ತ್ಸಿಫಾನ್ ಮಾಡುವ ಕ್ರಮ ಸರಳ. ನೆನೆಸಿದ ಅಂಟಕ್ಕಿಯನ್ನು ಮರದ ಪಾತ್ರೆಯಲ್ಲಿ ಹಬೆಗಿಟ್ಟು ಬೇಯಿಸುತ್ತಾರೆ. ಬಿಸಿ ಅನ್ನವನ್ನು ಒದ್ದೆ ಬಟ್ಟೆಯ ಮೇಲೆ ಹರಡಿ, ನಡುವೆ ಯೂತ್ಯಾವ್ ಇಟ್ಟು, ಸಕ್ಕರೆಯನ್ನೋ ಉಪ್ಪಿನಲ್ಲಿ ಹಾಕಿದ ತರಕಾರಿಯನ್ನೋ ಸೇರಿಸಿ ಬಿಗಿಯಾಗಿ ಹಿಂಡಿದರಾಯಿತು. ತಟ್ಟೆ ಬೇಡ, ಕೂರಲು ಜಾಗವೂ ಬೇಡ. ಕೆಲಸಕ್ಕೆ ಧಾವಿಸುವವರಿಗೆ ಹೇಳಿ ಮಾಡಿಸಿದ ಆಹಾರ.

ಈ ಉಂಡೆಯೊಳಗಿನ ಕಡ್ಡಿಗೆ ಒಂದು ಐತಿಹ್ಯವಿದೆ. 1142ರಲ್ಲಿ ಸೋಂಗ್ ರಾಜ್ಯದ ನಿಷ್ಠಾವಂತ ಸೇನಾನಿ ಯುವೆ ಫೇಯ್ ಸುಳ್ಳು ಆರೋಪಕ್ಕೆ ಬಲಿಯಾದ. ಇದಕ್ಕೆ ಮಂತ್ರಿ ಚಿನ್ ಹ್ವೇಯೇ ಕಾರಣನೆಂದು ಜನ ನಂಬಿದರು. ಮಂತ್ರಿಯನ್ನೂ ಅವನ ಹೆಂಡತಿಯನ್ನೂ ಹಿಟ್ಟಿನಲ್ಲಿ ಮಾಡಿ, ಜೋಡಿಸಿ, ಎಣ್ಣೆಗೆ ಹಾಕಿದರಂತೆ. ಕತೆ ನಿಜವೋ ಅಲ್ಲವೋ, ಅನ್ಯಾಯವನ್ನು ಮರೆಯದ ಜನರ ಸಿಟ್ಟಂತೂ ನಿಜ.

20ನೇ ಶತಮಾನದಲ್ಲಿ ಇದೇ ತಿಂಡಿ ಕೊರತೆಯ ಕಾಲವನ್ನೂ ಕಂಡಿತು. 1955ರಲ್ಲಿ ಚೀನಾದಲ್ಲಿ ಧಾನ್ಯದ ಕೂಪನ್ ಜಾರಿಗೆ ಬಂತು. ನಮ್ಮಲ್ಲಿ ರೇಷನ್ ಕಾರ್ಡ್ ಇಲ್ಲದವನೂ ಹೊರಗೆ ದುಡ್ಡು ಕೊಟ್ಟು ತಿನ್ನಬಹುದಿತ್ತು. ಅಲ್ಲಿ ತಿಂಡಿಯಂಗಡಿಯಲ್ಲೂ ದುಡ್ಡಿನ ಜೊತೆ ಕೂಪನ್ ಕೊಡಬೇಕಿತ್ತು. ಶಾಂಘೈಯಲ್ಲಿ ಅರ್ಧ ‘ಲ್ಯಾಂಗ್’, ಅಂದರೆ ಕೇವಲ 25 ಗ್ರಾಂ ಧಾನ್ಯದ ಕೂಪನ್ ಕೂಡ ಇತ್ತು. ಒಂದು ಯೂತ್ಯಾವ್‌ಗೆ ಅಷ್ಟು ಸಾಕು. ಹಿಟ್ಟಿನ ಒಂದು ಕಡ್ಡಿಗೂ ಲೆಕ್ಕವಿಡಬೇಕಾದ ಬದುಕು ಅದು. ಈ ವ್ಯವಸ್ಥೆ ಕೊನೆಗೊಂಡದ್ದು 1993ರಲ್ಲಿ.

ಅತ್ತ, 1949ರಲ್ಲಿ ಅಂತರ್ಯುದ್ಧ ಸೋತವರ ಜೊತೆ ಹತ್ತು ಲಕ್ಷಕ್ಕೂ ಹೆಚ್ಚು ಮಂದಿ ಕಡಲು ದಾಟಿ ತೈವಾನ್ ಸೇರಿದ್ದರು. ತಾಯಿಯನ್ನು, ಮಡದಿಯನ್ನು ಬಿಟ್ಟು ಬಂದ ಸೈನಿಕರೂ ಅವರಲ್ಲಿದ್ದರು. ಹೊಟ್ಟೆಪಾಡಿಗಾಗಿ ಕೆಲವರು ತೈಪೆ ಬಳಿಯ ಯೋಂಗ್‌ಹೆಯಲ್ಲಿ ಸೋಯಾ ಹಾಲು, ಯೂತ್ಯಾವ್ ಮಾರತೊಡಗಿದರು. ಅನ್ನದುಂಡೆಯೂ ದ್ವೀಪದ ಬೆಳಗಿನ ತಿಂಡಿಯಾಯಿತು. ಊರಿಗೆ ಹೋಗಿ ಬಂಧುಗಳನ್ನು ನೋಡಲು ತೈವಾನ್ ಸರಕಾರ ಅನುಮತಿ ಕೊಟ್ಟದ್ದು 1987ರಲ್ಲಿ. ಅಷ್ಟರಲ್ಲಿ ಎಷ್ಟೋ ತಾಯಂದಿರು ತೀರಿಹೋಗಿದ್ದರು. 1990ರ ದಶಕದಲ್ಲಿ ‘ಯೋಂಗ್‌ಹೆ’ ಹೆಸರಿನ ತಿಂಡಿಯಂಗಡಿಗಳು ಶಾಂಘೈಯಲ್ಲೇ ತೆರೆದವು.

ಅರಸರ ಚರಿತ್ರೆ ಶಾಸನಗಳಲ್ಲಿರುತ್ತದೆ. ಹಸಿದವರ, ಊರು ಕಳಕೊಂಡವರ ಚರಿತ್ರೆಯನ್ನು ಇಂತಹ ಒಂದು ಹಿಡಿ ಅನ್ನದಲ್ಲೇ ಹುಡುಕಬೇಕಾಗುತ್ತದೆ.